ಕಾಲೇಜು ನೋಡುವ ಶಾಸ್ತ್ರ

ಹೋದ ಬುಧವಾರ ಪುಣೆಯ ವಿಮಾನ ನಗರದ ವಿಶ್ವವಿದ್ಯಾಲಯವೊಂದರ ಗೇಟಿನಲ್ಲಿ ನಿಂತಿದ್ದೆ. ಗೋಡೆಗೆ ಆಗತಾನೆ ಬಳಿದ ಬಣ್ಣದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮಗಳು ಮೇಘಾ ಲಲಿತಕಲಾ ವಿಭಾಗ ನೋಡಿಬರಲು ಒಳಗೆ ಹೋಗಿದ್ದಳು. ನಾನು ಹೊರಗೆ ವಾಚ್‌ಮನ್ನನಿಗೆ ಚಹಾ ಕುಡಿಸಿ, ನೀರು ಸರಿಯಾಗಿ ಬರುತ್ತದೆಯೇ, ಹುಡುಗರು ಹೇಗೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮರಾಠಿಯಲ್ಲಿ ಬಾಯಿ ಬಿಡಿಸುತ್ತಿದ್ದೆ. ಕೇಳುತ್ತ ಕೇಳುತ್ತ ಒಮ್ಮೆಲೇ ನೆನಪಾಯಿತು. ನಮ್ಮಪ್ಪ ಮೂವತ್ತು ವರ್ಷದ ಹಿಂದೆ ಇಂಥದೇ ಒಂದು ಗೇಟಿನಲ್ಲಿ ನಿಂತು ಇವೇ ಪ್ರಶ್ನೆ ಕೇಳಿದ್ದ.

ಅಪ್ಪ ವಿಜಯಪುರದ ಕಡೆಯವನು, ಇಲ್ಲಿನ ಅರಿವೆ ಅಂಗಡಿಯೊಂದರಲ್ಲಿ ಕಾರಕೂನ. ಯೆರವಡಾದಲ್ಲಿ ಎರಡು ಖೋಲಿಯ ಬಾಡಿಗೆ ಮನೆ ನಮ್ಮದು. ವರನ ಮನೆ ವಿಚಾರಿಸುವುದರಲ್ಲಿ ಅಪ್ಪನದು ಎತ್ತಿದ ಕೈ ಎಂದು ಪುಣೆಯ ಕನ್ನಡದವರಲ್ಲೆಲ್ಲ ಹೆಸರಾಗಿತ್ತು. ಯಾರ ಮನೆಯ ಹುಡುಗಿಗೆ ಸಂಬಂಧ ಬಂದರೂ ಅಪ್ಪನಿಗೆ ಬುಲಾವ್. ಹೇಳದೆ ಕೇಳದೆ ವರನ ಓಣಿಗೆ ಹೋಗುವುದು, ಕಿರಾಣಿ ಅಂಗಡಿಯವನನ್ನು ಮಾತಾಡಿಸುವುದು, ಬಟ್ಟೆ ಒಣಹಾಕಿದ ರೀತಿ ಗಮನಿಸುವುದು. "ಮುಂದಿನ ಖೋಲಿ ಎಲ್ಲಾರೂ ಒಪ್ಪ ಮಾಡಿಟ್ಟಿರ್ತಾರ್ರಿ, ನಾ ಹಿತ್ತಲದಾಗ ಇಣಕತೀನಿ" ಎನ್ನುತ್ತಿದ್ದ. ನನ್ನ ಮದುವೆಯ ಹೊತ್ತಿಗೆ ಅವನು ಇರಲಿಲ್ಲ. ಇದ್ದಿದ್ದರೆ ನಿಮ್ಮ ಮನೆಯವರು ಪಾಸಾಗುತ್ತಿರಲಿಲ್ಲ ಎಂದು ಹೆಂಡತಿಯನ್ನು ಈಗಲೂ ಕಾಡಿಸುತ್ತೇನೆ. "ನಮ್ಮಪ್ಪ ನಿಮ್ಮ ಹಿತ್ತಲದಾಗ ಇಣಕಿದ್ದಿಲ್ಲ, ಅದ ನಿಮ್ಮ ಪುಣ್ಯಾ" ಎನ್ನುತ್ತಾಳೆ ಅವಳು.

ಅಕ್ಕ ಸರೋಜಾ ನನಗಿಂತ ಐದು ವರ್ಷ ದೊಡ್ಡವಳು. ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜಿಸುವ ಮಣ್ಣಿನ ಎತ್ತುಗಳನ್ನು ನಮ್ಮ ಕಡೆ ಕುಂಬಾರರು ಮನೆಗೇ ತಂದುಕೊಡುತ್ತಾರೆ. ಪುಣೆಯಲ್ಲಿ ಯಾರು ತರಬೇಕು? ಅಕ್ಕನೇ ಮಾಡುತ್ತಿದ್ದಳು, ನಮಗಷ್ಟೇ ಅಲ್ಲ, ಓಣಿಯ ಕನ್ನಡದ ಮನೆಗಳಿಗೆಲ್ಲ. ಹೊಳೆಯ ದಂಡೆಯಿಂದ ಮಣ್ಣು ಹೊತ್ತು ತಂದು ಹರಳು ಆರಿಸುವುದು ನನ್ನ ಪಾಲಿನ ಶಿಕ್ಷೆ. ಅವಳು ನಾದಿ ಹದ ಮಾಡಿ, ಊಟದ ನೆನಪಿಲ್ಲದೆ ಕೂತುಬಿಡುವಳು. ಒಂದು ವರ್ಷ ಜೋಡಿಯಲ್ಲಿ ಒಂದೆತ್ತು ಕಾಲು ಮಡಿಚಿ ಮಲಗಿತ್ತು.

"ಪೂಜಾದ ಎತ್ತು ಮಲಗತಾವೇನ?" ಎಂದು ಅವ್ವ ಬೈದಳು.

"ದಣದದವ್ವಾ ಅದು" ಎಂದಳು ಅಕ್ಕ.

ಅಯ್ಯೋ, ಆ ಎತ್ತಿನ ಕಣ್ಣು ನೀವು ನೋಡಬೇಕಿತ್ತು! ಅವ್ವ ಬೈಯುತ್ತಲೇ ಅದಕ್ಕೆ ಮೊದಲು ಕುಂಕುಮ ಹಚ್ಚಿದಳು.

ಹನ್ನೆರಡನೆಯ ತರಗತಿ ಮುಗಿದ ಮೇಲೆ ಅಕ್ಕ ಲಲಿತಕಲೆಯ ಡಿಗ್ರಿ ಮಾಡುತ್ತೇನೆಂದಳು. ಅಪ್ಪ ಬೇಡವೆನ್ನಲಿಲ್ಲ. ನೆಂಟರು ನಕ್ಕರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕಾಗಿ ಅವನ ಮೇಲೆ ನನಗಿನ್ನೂ ಅಭಿಮಾನವಿದೆ. ವರನ ಮನೆಗೆ ಹೋದ ಹಾಗೆಯೇ ಊರೊಳಗಿನ ವಿಶ್ವವಿದ್ಯಾಲಯವೊಂದಕ್ಕೆ ಬಿಸಿಲಲ್ಲಿ ಮೂರು ಸಲ ಹೋಗಿಬಂದು ವರದಿ ಒಪ್ಪಿಸಿದ: "ಬಸ್ಸು ಗೇಟಿನ ಮುಂದನ ನಿಂದರತದ. ವಾಚ್‌ಮನ್ ನಮ್ಮ ಇಂಡಿ ಕಡ್ಯಾಂವ. ಕ್ಯಾಂಟೀನು ಉಡುಪಿಯವ್ರದು, ಅಡಗಿಮನಿ ಭಾಳ ಸ್ವಚ್ಛ ಅದ. ಹುಡುಗ್ರು ತಲಿ ಬಗ್ಗಿಸಿ ಹೋಗತಾರ. ಸರೂ, ಕಣ್ಣು ಮುಚ್ಚಿ ಸೇರಕೋ."

ಅಕ್ಕ ಸೇರಿದಳು. ಅಲ್ಲಿ ಮಣ್ಣೇ ಇರಲಿಲ್ಲ. ನಾಲ್ಕು ವರ್ಷವೂ ಮೇಜು, ಸ್ಕೇಲು, ಅಕ್ಷರ ಬರೆಯುವುದು, ಜಾಹೀರಾತಿನ ಚಿತ್ರ. ಬೇಕೆಂದು ಹೋದವರಿಗೆ ಒಳ್ಳೆಯ ಕೋರ್ಸೇ. ಮೂರ್ತಿ ಮಾಡುವುದನ್ನು ಕಲಿಸುವ ಕಾಲೇಜು ಅಲ್ಲಿಂದ ಅರ್ಧ ತಾಸಿನ ದಾರಿಯಲ್ಲಿತ್ತು. ವಾಚ್‌ಮನ್ನನ ಊರು ಕೇಳಿದ ಅಪ್ಪ ಅಲ್ಲಿ ಏನು ಕಲಿಸುತ್ತಾರೆಂದು ಕೇಳಿರಲಿಲ್ಲ. ಅಕ್ಕನಿಗೆ ಏನು ಕಲಿಯಬೇಕಾಗಿದೆ ಎಂದೂ ಕೇಳಿರಲಿಲ್ಲ. ಅವಳಾದರೂ ಹೇಳಬಾರದಿತ್ತೇ ಎನ್ನುತ್ತೀರಿ. ಬೆವರು ಒರೆಸಿಕೊಳ್ಳುತ್ತ ಹಿಗ್ಗಿ ನಿಂತ ಅಪ್ಪನ ಮುಖ ನೋಡಿದ್ದರೆ ನೀವೂ ಹೇಳುತ್ತಿರಲಿಲ್ಲ. ಒಳ್ಳೆಯ ಅಂಕ ತೆಗೆದಳು, ನೌಕರಿಯೂ ಸಿಕ್ಕಿತು. ಅಪ್ಪ ಹೋಗುವಾಗ ನೆಮ್ಮದಿಯಿಂದ ಹೋದ. ಆದರೆ ಕಾಲೇಜಿನ ಎರಡನೆಯ ವರ್ಷದಿಂದಲೇ ಅಕ್ಕ ಮಣ್ಣು ಮುಟ್ಟಲಿಲ್ಲ. ಎತ್ತುಗಳನ್ನು ಊರಿಂದ ಬರುವವರ ಕೈಯಲ್ಲಿ ತರಿಸತೊಡಗಿದೆವು. ಮಣ್ಣು ಹೊರುವುದು ತಪ್ಪಿತೆಂದು ನಾನು ಖುಷಿಪಟ್ಟೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮೇಘಾ ಹೊರಗೆ ಬಂದಳು. ಪ್ರವೇಶಕ್ಕೆ ಶುಕ್ರವಾರ ಕೊನೆಯ ದಿನ. ವಾಚ್‌ಮನ್ನನಿಂದ ಸಂಗ್ರಹಿಸಿದ ವರದಿ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

"ನಿನಗ ಏನ್ ಕಲೀಬೇಕಾಗೇದವ್ವಾ?" ಎಂದೆ.

"ಖರೇನ ಕೇಳಾಕತ್ತಿಯೇನ ಪಪ್ಪಾ?"

"ಖರೇನ."

ಹಲಗೆ ಕೊರೆದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವ ಚಿತ್ರ ಅವಳದು. ಮನೆಯಲ್ಲಿ ಬಿದ್ದ ಕಟ್ಟಿಗೆಯ ಚೂರುಗಳನ್ನು ಗೊಣಗುತ್ತ ಗುಡಿಸಿದ್ದೇನೆಯೇ ಹೊರತು ಆ ಚಿತ್ರಗಳನ್ನು ನಿಂತು ನೋಡಿರಲಿಲ್ಲ. "ಇಲ್ಲಿ ಎಲ್ಲಾ ಕಂಪ್ಯೂಟರ್‌ದಾಗ ಮಾಡಸ್ತಾರ. ಒತ್ತೋ ಮಷೀನ್ ಒಂದದ, ಅದರ ಮ್ಯಾಲ ಹೂವಿನ ಕುಂಡಾ ಇಟ್ಟಾರ. ಹೊಳಿ ಆಚೀಕಿನ ಹಳೇ ವಿದ್ಯಾಪೀಠದಾಗ ಮಾಳಗಿ ಸೋರತದ ಪಪ್ಪಾ, ಆದ್ರ ಮಷೀನ್ ದಿನಾ ನಡೀತದ."

"ಮುಂದ ನೌಕರಿ?" ಎಂದೆ. ಎಷ್ಟಾದರೂ ಕಾರಕೂನನ ಮಗ ನಾನು.

"ಗೊತ್ತಿಲ್ಲ" ಎಂದಳು.

ಹೆದರಿಕೆಯಾಯಿತು. ಈಗಲೂ ಇದೆ. ಆದರೂ ಅಲ್ಲಿ ಅರ್ಜಿ ಕೊಡದೆ, ಹಳೆಯ ವಿದ್ಯಾಪೀಠಕ್ಕೇ ಹೋಗೋಣವೆಂದು ರಿಕ್ಷಾ ಹತ್ತಿದೆವು. ಯಾವ ಕಟ್ಟಿಗೆ ಹೇಗೆ ಸೀಳುತ್ತದೆ, ಮಸಿ ದಪ್ಪವಾದರೆ ಗೆರೆ ಹೇಗೆ ಸಾಯುತ್ತದೆ ಎಂದು ದಾರಿಯುದ್ದಕ್ಕೂ ಹೇಳಿದಳು. ಅರ್ಧ ನನಗೆ ತಿಳಿಯಲಿಲ್ಲ. ಇಳಿದು ಅರ್ಜಿ ತುಂಬುವಾಗಲೂ ಅವಳ ಮಾತು ಮುಗಿದಿರಲಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿ, "ಅಕ್ಕಾ, ಆವಾಗ ನಿನಗ ಏನ್ ಮಾಡಬೇಕಂತ ಇತ್ತು?" ಎಂದು ಕೇಳಿದೆ.

"ಭಾಳ ತಡಾ ಮಾಡಿ ಕೇಳಿದ್ಯೋ ತಮ್ಮಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ, ಮಾಡಬೇಕೆಂದಿದ್ದ ಮೂರ್ತಿಗಳನ್ನು ಒಂದೊಂದಾಗಿ ಹೇಳತೊಡಗಿದಳು.