ಬಜೆಟ್ ದಿನದ ಉಪ್ಪಿಟ್ಟು

ಬಜೆಟ್ ಮಂಡನೆಯ ದಿನ ಕೋಟೆ ಪಕ್ಕದ ನಮ್ಮ ಮನೆಯಲ್ಲಿ ಬೆತ್ತದ ಕುರ್ಚಿ ಆಡಳಿತ ಪಕ್ಷಕ್ಕೆ, ಗೋಡೆ ಬದಿಯ ಬೆಂಚು ವಿರೋಧ ಪಕ್ಷಕ್ಕೆ. ಅಪ್ಪನದು ಒಂದು ಪಕ್ಷ. ಭದ್ರಾವತಿಯ ನ್ಯೂ ಟೌನ್‌ನಿಂದ ಬೆಳಗಿನ ಬಸ್ಸಿಗೆ ಬರುವ ಮಾವ, ಅಂದರೆ ಅಮ್ಮನ ತಮ್ಮ, ಇನ್ನೊಂದು ಪಕ್ಷ. ಬೆಂಗಳೂರಿನಲ್ಲಿ ಸರ್ಕಾರ ಬದಲಾದರೆ ಇಲ್ಲಿ ಇವರಿಬ್ಬರೂ ಜಾಗ ಬದಲಾಯಿಸಿಕೊಳ್ಳುತ್ತಾರೆ. ಹೈಸ್ಕೂಲಿನಿಂದಲೂ ಸ್ಪೀಕರ್ ನಾನೇ, ಲೆಕ್ಕ ಬರೆಯುವವಳೂ ನಾನೇ.

ನಿಯಮ ಮಾತ್ರ ಅಮ್ಮನದು. ಬೆಂಚಿನವರು ಬರೀ ಬೈದರೆ ಕುರ್ಚಿಗೆ ಒಂದು ಗೀಟು. ಬೈದ ಮೇಲೆ ತಾವಾಗಿದ್ದರೆ ಏನು ಮಾಡುತ್ತಿದ್ದೆವು ಎಂಬುದನ್ನೂ ಹೇಳಿದರೆ ಬೆಂಚಿಗೆ ಒಂದು. ಸೋತವರು ಸಂಜೆ ಉಪ್ಪಿಟ್ಟು ಮಾಡಬೇಕು. ಸಮವಾದರೆ ಒಲೆ ಅಮ್ಮನಿಗೇ. ಈ ಸಲ ಅಮ್ಮ ಮೊದಲೇ ಪಕ್ಕದ ಮನೆಯವರ ಜೊತೆ ಆರು ಗಂಟೆಯ ಸಿನಿಮಾಕ್ಕೆ ಟಿಕೆಟ್ ತೆಗೆಸಿಬಿಟ್ಟಿದ್ದಳು.

ಟಿವಿಯಲ್ಲಿ ಭಾಷಣ ಹತ್ತೂಕಾಲಿಗೆ ಶುರುವಾಯಿತು. ಬೆಂಚಿನಲ್ಲಿದ್ದ ಮಾವ ಬಾಯಿ ತೆರೆದದ್ದು ಹತ್ತು ಇಪ್ಪತ್ತೊಂದಕ್ಕೆ.

"ಸಾಲ, ಭಾವ! ಬರೀ ಸಾಲ!"

"ದಾರಿ ಹೇಳು ಮಾರಾಯ. ಬೈಯೋದು ಯಾರಿಗೆ ಬರಲ್ಲ?"

"ಮುಚ್ಚಿರೋ ಕಾರ್ಖಾನೆ ತೆಗೀಲಿ. ಜನಕ್ಕೆ ಕೆಲ್ಸ ಸಿಕ್ರೆ ತೆರಿಗೆ ತಾನಾಗೇ ಬರುತ್ತೆ. ಸ್ಪೀಕರ್ ಮೇಡಂ, ಗೀಟು!"

"ಹೇಳೋದು ಸುಲಭ. ತೆಗೆಯೋಕೆ ದುಡ್ಡೆಲ್ಲಿಂದ ತರ್ತೀಯ?" ಎಂದರು ಅಪ್ಪ. ನಾನು ಬೆಂಚಿಗೆ ಗೀಟು ಹಾಕಿದೆ.

ಭಾಷಣ ಮುಗಿದಾಗ ಹದಿನಾಲ್ಕು, ಹದಿನಾಲ್ಕು. ಅಮ್ಮನ ಮುಖ ಇಳಿದುಹೋಯಿತು.

"ಸರಿಯಾಗಿ ಎಣಿಸಿದ್ಯೇನೇ?"

ಮೂರು ಸಲ ಎಣಿಸಿದೆ, ಅಷ್ಟೇ ಬಂತು. ಆದರೆ ಆ ಕಾರ್ಖಾನೆಯ ಮಾತನ್ನು ಎಲ್ಲೋ ಬರೆದ ನೆನಪು. ಬೀರುವಿನಿಂದ ಹಿಂದಿನ ಸರ್ಕಾರದ ಕಾಲದ ನೋಟ್‌ಬುಕ್ ತೆಗೆದೆ. ಆಗ ಮಾವ ಕುರ್ಚಿಯಲ್ಲಿ, ಅಪ್ಪ ಬೆಂಚಿನಲ್ಲಿ. ಮುಚ್ಚಿದ ಕಾರ್ಖಾನೆ, ತಾನಾಗೇ ಬರುವ ತೆರಿಗೆ, ಎಲ್ಲವೂ ಅಪ್ಪನ ಬಾಯಲ್ಲಿ. "ಹೇಳೋದು ಸುಲಭ ಭಾವ, ದುಡ್ಡೆಲ್ಲಿಂದ?" ಎಂದು ಮಾವ. ಹದಿನಾಲ್ಕರಲ್ಲಿ ಒಂಬತ್ತು ದಾರಿಗಳು ಹಳೆಯವೇ. ಒಂದೊಂದಾಗಿ ಓದಿ ಹೇಳಿದೆ.

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಅಂದ್ರೆ ಇವನು ನನ್ನದನ್ನ ಕಾಪಿ ಹೊಡೆದಿದಾನೆ. ನಾನು ಗೆದ್ದೆ."

"ನಿಮ್ಮದೇ ಐಡಿಯಾ ಆದ್ರೆ ಬೆಳಗಿಂದ ಯಾಕೆ ಬೈತಿದ್ರಿ ಭಾವ?"

ಅದಕ್ಕೆ ಉತ್ತರ ಕೊಟ್ಟದ್ದು ಅಮ್ಮ.

"ಅವನು ಹೇಳಿದ್ದು ನಿಮ್ಮದು, ನೀವು ಹೇಳಿದ್ದು ಅವನದು. ಸ್ವಂತದ್ದು ಇಬ್ಬರ ಹತ್ರಾನೂ ಇಲ್ಲ. ಇಬ್ರೂ ಸೋತ್ರಿ. ರವೆ ಮೇಲಿನ ಡಬ್ಬದಲ್ಲಿದೆ."

ಐದೂ ನಲವತ್ತಕ್ಕೆ ಅಮ್ಮ ಹೊಸ ಸೀರೆಯುಟ್ಟು ಗೇಟು ದಾಟಿದಳು. ಆರೂ ಹತ್ತಕ್ಕೆ ಅಡುಗೆಮನೆಯಿಂದ ಮಾವನ ಕೂಗು ಕೇಳಿಸಿತು.

"ರವೆ ಹುರೀದೇನೇ ನೀರಿಗೆ ಹಾಕಿದ್ರಲ್ಲ ಭಾವ! ಪೂರಾ ಗಂಟು!"

"ಈಗೇನ್ ಮಾಡೋದು ಅಂತ ದಾರಿ ಹೇಳು ಮಾರಾಯ."

ಮಾವ ಮತ್ತೆ ಬರೀ ಬೈದರು. ನಾನು ಕುರ್ಚಿಯ ಕಡೆಗೆ ಹದಿನೈದನೆಯ ಗೀಟು ಹಾಕಿದೆ.