ಬಿದ್ದನೋ, ಇಳಿದನೋ

ಮರಾಠಿ ನಾಡಿನ ಕೋಥರೂಡದಲ್ಲಿ ನೆಲೆಸಿದ ನಾವು ಕೆಲವು ಕನ್ನಡಿಗರು ಸೇರಿ ಈ ವರ್ಷ ಒಂದು ವಿಡಂಬನ ನಾಟಕ ಆಡಲು ಹೊರಟೆವು. ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿಯೊಬ್ಬ ನಕ್ಷತ್ರ ನೋಡುತ್ತ ನಡೆದು ಬಾವಿಗೆ ಬೀಳುತ್ತಾನೆ; ಮೇಲೆ ನಿಂತ ಮನೆಗೆಲಸದವಳು ನಗುತ್ತಾಳೆ. ತತ್ತ್ವಜ್ಞಾನಿಯ ಪಾತ್ರ ನನ್ನದು. ಇಳಿವಯಸ್ಸಿನಲ್ಲಿ ದೊರೆತ ಮೊದಲ ಪಾತ್ರ, ಕಳೆದುಕೊಳ್ಳುವ ಇಚ್ಛೆಯಿರಲಿಲ್ಲ. ಆದರೆ ಬೀಳುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಆಯುಷ್ಯವೆಲ್ಲ ಆಕಾಶವನ್ನು ಅಭ್ಯಾಸ ಮಾಡಿದವನಿಗೆ ತನ್ನೂರಿನ ಬಾವಿ ಎಲ್ಲಿದೆಯೆಂದು ಗೊತ್ತಿರಲಿಲ್ಲವೇ? ಆಳದಿಂದ ನೋಡಿದರೆ ಹಗಲಲ್ಲೂ ನಕ್ಷತ್ರ ಕಾಣುತ್ತವೆಂದು ಎಲ್ಲೋ ಓದಿದ್ದೆ. ಅವನು ಬೇಕೆಂದೇ ಇಳಿದಿರಬೇಕೆಂದು ವಾದಿಸಿದೆ.

“ನಿಮಗ ಬೀಳಾಕ ಅಂಜಿಕಿ, ಕಾಕಾ. ಅದಕ್ಕ ಇತಿಹಾಸಾನ ತಿದ್ದಾಕ ಹೊಂಟೀರಿ,” ಎಂದ ನಿರ್ದೇಶಕ, ಧಾರವಾಡದ ಕಡೆಯ ಬ್ಯಾಂಕ್ ನೌಕರ. “ರವಿವಾರದೊಳಗ ಖರೇ ಮಾಡಿ ತೋರಸ್ರಿ. ಇಲ್ಲಂದ್ರ ಬೀಳ್ರಿ. ಅದೂ ಆಗಂಗಿಲ್ಲಂದ್ರ ಪಾತ್ರ ಬ್ಯಾರೆಯವ್ರಿಗೆ.”

ಸಾಸವಡದ ಆಚೆ ನಮ್ಮ ಬೀಗರ ಹೊಲದಲ್ಲಿ ಮೆಟ್ಟಿಲುಗಳಿರುವ ಹಳೆಯ ಬಾವಿಯಿದೆ. ಬೇಸಿಗೆಯಲ್ಲಿ ತಳದ ತನಕ ಒಣಗಿರುತ್ತದೆ. ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ನೇರ ಬಿಸಿಲು ತಳ ಬಿಟ್ಟ ಮೇಲೆ, ಗೋಡೆ ಹಿಡಿದು ಇಳಿದು ಕತ್ತೆತ್ತಿ ನಿಂತೆ. ಕಣ್ಣು ಒಗ್ಗಿದಂತೆ ಬಾವಿಯ ಬಾಯಿಯಷ್ಟಗಲದ ಆಕಾಶ ದಟ್ಟ ನೀಲಿಯಾಯಿತು; ಗಿಳಿಯೊಂದು ಹಾದುಹೋಯಿತು. ನಕ್ಷತ್ರ ಮಾತ್ರ ಕಾಣಲಿಲ್ಲ.

ಮೇಲಿನಿಂದ ಹೆಂಡತಿ ಇಣುಕಿದಳು. “ಏನ್ರಿ, ಚಿಕ್ಕಿ ಕಂಡ್ವೇನು?”

“ಇನ್ನಾ ಇಲ್ಲ.”

“ಸಂಜಿತನಕ ನಿಲ್ರಿ. ಎಲ್ಲಾರಿಗೂ ಕಾಣ್ತಾವ.”

ಅವಳ ನಗು ಸುತ್ತಲಿನ ಕಲ್ಲಿಗೆ ಬಡಿದು ಕೆಳಗೆ ಬಂತು. ಆ ಹೊತ್ತಿಗೆ ದಾರಿಹೋಕನೊಬ್ಬ ಅವಳ ಪಕ್ಕ ಬಂದು ಇಣುಕಿದ್ದರೆ, ನಾನು ಬಿದ್ದವನೋ ಇಳಿದವನೋ ಅವನಿಗೆ ಹೇಗೆ ತಿಳಿಯಬೇಕು? ಗ್ರೀಕನ ಕಥೆ ಹೇಳಿದವರೂ ಮೇಲೆಯೇ ನಿಂತವರು.

ರವಿವಾರದ ತಾಲೀಮಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ: ಏನೂ ಕಾಣಲಿಲ್ಲ.

“ಹಂಗಾರ ಬೀಳ್ತೀರಿ?” ಎಂದ ನಿರ್ದೇಶಕ.

“ಇಲ್ಲ. ಇಳೀತೀನಿ, ಕತ್ತೆತ್ತಿ ನಿಲ್ತೀನಿ, ಏನೂ ಕಾಣಂಗಿಲ್ಲ. ಆವಾಗ ಆ ಮನಿಗೆಲಸದಾಕಿ ನಗ್ಲಿ. ಆಕಿ ಏನ್ ಅನ್ನಬೇಕು ಅನ್ನೂದನ್ನ ನಮ್ಮ ಮನಿಯಾಕಿ ಹೇಳಿಕೊಟ್ಟಾಳ.”

ಸಂಜೆಯ ತನಕ ನಿಂತರೆ ಎಲ್ಲರಿಗೂ ಕಾಣುತ್ತವೆ ಎಂಬ ಅವಳ ಮಾತನ್ನು ಹೇಳಿದೆ. ಎಲ್ಲರೂ ನಕ್ಕರು, ಕೊನೆಗೆ ನಿರ್ದೇಶಕನೂ ನಕ್ಕ. ನನ್ನ ಬೀಳುವಿಕೆಗೆಂದು ಹಾಸಿದ್ದ ಗಾದಿಯನ್ನು ತಾನೇ ಸುತ್ತಿಟ್ಟು, ಒಳಗಿನಿಂದ ಮರದ ಏಣಿಯೊಂದನ್ನು ಎಳೆದುತಂದ.

“ಹುಷಾರಾಗಿ ಇಳೀರಿ, ಕಾಕಾ,” ಎಂದ. “ಇದು ಭಾಳ ಅಳ್ಳಾಡ್ತದ.”