ಎರಡು ದಿನ ರೊಟ್ಟಿ ಬಡಿಯುವ ಸದ್ದು ಬರಲಿಲ್ಲ

ಕೊರೊನಾ ಬಂದ ಮೊದಲನೇ ವರ್ಷದ ಮಾತು. ಮಗ, ಸೊಸೆ ಯುಗಾದಿಗೆಂದು ನಾಲ್ಕು ದಿನ ಮುಂಚೆಯೇ ಊರಿಗೆ ಹೋಗಿದ್ದರು. ಅಷ್ಟರಲ್ಲಿ ಬಸ್ಸು, ರೈಲು ಎಲ್ಲ ಬಂದಾದವು. ಅವರು ಅಲ್ಲಿ ಯಾದಗಿರಿ ಕಡೆ, ನಾನು ಇಲ್ಲಿ ಪುಣೆಯಲ್ಲಿ. ಮಂಡಿ ನೋವೆಂದು ನಾನು ಅವರ ಜೊತೆ ಹೊರಟಿರಲಿಲ್ಲ.

ನಾನು ಕಲಿತದ್ದು ಮೂರನೇ ಇಯತ್ತೆ. ಬರೆಯುವುದು ನಿಧಾನ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ನಡೆದದ್ದನ್ನು ಮಾತ್ರ ನಿಮ್ಮ ಪತ್ರಿಕೆಯಲ್ಲಿ ಇದ್ದ ಹಾಗೇ ಹಾಕಿ.

ಕಾತ್ರಜದ ಗುಡ್ಡದ ಬದಿಗೆ ನಮ್ಮ ವಸ್ತಿ. ಎಲ್ಲ ತಗಡಿನ ಖೋಲಿಗಳು. ನಮ್ಮ ಗಲ್ಲಿಯಲ್ಲಿ ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಹೆಚ್ಚು. ನಾನು ಬಂದಾಗ ಇಲ್ಲಿ ಹುಲ್ಲು, ಹಾವು ಬಿಟ್ಟರೆ ಬೇರೇನೂ ಇರಲಿಲ್ಲ. ಮೂವತ್ತು ವರ್ಷದ ಮೇಲೆ ಉಸುಕಿನ ಬುಟ್ಟಿ ಹೊತ್ತಿದ್ದೇನೆ. ಆ ಹಿರಿತನಕ್ಕೆ ಎಲ್ಲರೂ ನನ್ನನ್ನು ಆಯಿ ಎನ್ನುತ್ತಾರೆ. ನಳದ ಹತ್ತಿರ ಜಗಳವಾದರೆ ನಾನು ಹೇಳಿದ್ದೇ ಕೊನೆಯ ಮಾತು. ಆ ಸೊಕ್ಕು ನನಗಿತ್ತು.

ಪಕ್ಕದ ಖೋಲಿ ಭಾಗಮ್ಮನದು. ಗಂಡ ಸಿದ್ರಾಮ ಸೆಂಟ್ರಿಂಗ್ ಕೆಲಸದವನು. ಒಬ್ಬಳೇ ಮಗಳು. ನಮ್ಮಿಬ್ಬರ ಮನೆಯ ನಡುವೆ ಇರುವುದು ಒಂದು ತಗಡು ಮಾತ್ರ. ನಸುಕಿನಲ್ಲಿ ಅವಳು ರೊಟ್ಟಿ ಬಡಿಯಲು ಕೂತರೆ ಆ ಸದ್ದು ನೇರ ನನ್ನ ತಲೆದಿಂಬಿಗೆ ಬರುತ್ತದೆ. ಟಪ, ಟಪ, ಟಪ. ಸದ್ದು ಕೇಳಿಯೇ ಹೇಳುತ್ತೇನೆ, ಎಷ್ಟು ರೊಟ್ಟಿ ಆದವು, ಗಂಡನ ಮೇಲೆ ಸಿಟ್ಟಿದೆಯೋ ಇಲ್ಲವೋ ಎಂದು. ಬಂದ್ ಆದ ಮೇಲೆ ನಾನೊಬ್ಬಳೇ ಇದ್ದೇನೆಂದು ದಿನಾ ಎರಡು ರೊಟ್ಟಿ ನನ್ನ ಬಾಗಿಲಲ್ಲಿಟ್ಟು, ದೂರ ನಿಂತು, "ಆಯಿ, ಬಿಸಿ ಅದಾವ, ಆರಸಬ್ಯಾಡ್ರಿ" ಎಂದು ಕೂಗಿ ಹೋಗುತ್ತಿದ್ದಳು. ನನ್ನ ಕೊಡವನ್ನೂ ಅವಳೇ ತುಂಬಿಸಿ ಇಡುತ್ತಿದ್ದಳು.

ನಾನು ಆಗ ಬಹಳ ಹೆದರಿದ್ದೆ. ಸಾಯುವುದಕ್ಕಲ್ಲ. ಮಗ ಊರಿನಿಂದ ಬರಲಾಗದೆ, ಗೊತ್ತಿಲ್ಲದವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುಡುತ್ತಾರಲ್ಲ, ಅದಕ್ಕೆ. ಬೆಳಿಗ್ಗೆ ಎರಡು ತಾಸು ಅಂಗಡಿ ತೆಗೆಯುತ್ತಿದ್ದರು. ಸೆರಗನ್ನು ಮೂಗಿಗೆ ಎರಡು ಸುತ್ತು ಬಿಗಿದುಕೊಂಡು, ಗೋಡೆ ಮುಟ್ಟದೆ, ಗಲ್ಲಿಯ ನಟ್ಟ ನಡುವೆ ನಡೆದು ಹೋಗುತ್ತಿದ್ದೆ. ಒಮ್ಮೆ ಬಟಾಟೆ ತಂದು ಸಾಬೂನು ಹಚ್ಚಿ ತೊಳೆದೆ. ಪಲ್ಯ ಬಾಯಿಗಿಟ್ಟರೆ ಬಟ್ಟೆ ಒಗೆದ ನೀರಿನ ರುಚಿ.

ಅದೇ ದಿನಗಳಲ್ಲಿ ಹಿಂದಿನ ಗಲ್ಲಿಯ ಒಬ್ಬ ಹೆಂಗಸಿನ ಮೈದುನ ದವಾಖಾನೆಯಲ್ಲಿ ತೀರಿಕೊಂಡ. ಮರುದಿನ ಅವಳು ನಳಕ್ಕೆ ಬಂದಳು. ಎಲ್ಲರೂ ಸರಿದು ನಿಂತರು, ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಹೇಳಿದವಳು ನಾನು. "ಸಾವಾದ ಮನಿಯವರು ನಳಕ್ಕ ಬರಬ್ಯಾಡ್ರಿ. ಎಲ್ಲಾರದೂ ಮುಗಿದ ಮ್ಯಾಲ ಬರ್ರಿ" ಎಂದೆ. ಅಷ್ಟು ಹೊತ್ತಿಗೆ ನೀರು ಹೋಗಿರುತ್ತದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಖಾಲಿ ಕೊಡ ಎತ್ತಿಕೊಂಡು ಹೋದಳು. ಸಾಲಿನಲ್ಲಿ ಯಾರೋ, "ಆಯಿ ಫೌಜದಾರ ಆಗ್ಯಾಳ ನೋಡ್ರಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಭಾಗಮ್ಮ ಅಲ್ಲೇ ನಿಂತಿದ್ದಳು. ಅವಳು ನಗಲಿಲ್ಲ.

ಅದಾಗಿ ಎಂಟು ದಿನಕ್ಕೆ ಒಂದು ನಸುಕಿನಲ್ಲಿ ರೊಟ್ಟಿಯ ಸದ್ದು ಬರಲಿಲ್ಲ. ಮಲಗಿರಬೇಕು ಎಂದುಕೊಂಡೆ. ಬಿಸಿಲೇರಿದರೂ ಬಾಗಿಲು ತೆಗೆಯಲಿಲ್ಲ. ತಗಡಿಗೆ ಕಿವಿ ಇಟ್ಟೆ. ಒಳಗೆ ಯಾರೋ ಬಾಯಿಗೆ ಬಟ್ಟೆ ಇಟ್ಟುಕೊಂಡು ನರಳಿದ ಹಾಗೆ ಕೇಳಿಸಿತು. ಒಮ್ಮೆ ಕೆಮ್ಮಿದ ಹಾಗೂ ಕೇಳಿಸಿತು.

ಎರಡನೇ ದಿನವೂ ಸದ್ದಿಲ್ಲ. ಒಲೆ ಹೊತ್ತಿದ ವಾಸನೆಯೂ ಇಲ್ಲ. ಸಿದ್ರಾಮ ಹೊಸ್ತಿಲಲ್ಲಿ ಮಂಡಿಯೊಳಗೆ ಮುಖ ಇಟ್ಟು ಕೂತಿದ್ದ. ಹಿಂದಿನಿಂದ ಭಾಗಮ್ಮ ಬಂದಳು. ಕೂದಲು ಬಿಚ್ಚಿತ್ತು, ಮುಖ ಬಾತಿತ್ತು, ಕಣ್ಣು ಕೆಂಪಗಿದ್ದವು. ನಾನು ನನ್ನ ಬಾಗಿಲಿನಿಂದಲೇ ಕೇಳಿದೆ.

"ಏನಾಗ್ಯಾದ ಭಾಗೂ? ಎರಡು ದಿನ ಆತು, ರೊಟ್ಟಿ ಬಡದಿಲ್ಲ."

"ಏನಿಲ್ರಿ ಆಯಿ. ಹಿಟ್ಟು ತೀರ್ಯಾದ" ಎಂದು ಗಂಡನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

ನಾಲ್ಕು ದಿನದ ಹಿಂದೆ ಗಿರಣಿಯಿಂದ ತುಂಬಿದ ಡಬ್ಬಿ ಹೊತ್ತು ತಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಸುಳ್ಳು ಹೇಳುತ್ತಿದ್ದಾಳೆ ಅಂದಮೇಲೆ ರೋಗ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಅವಳು ಮುಟ್ಟಿದ ಕೊಡದ ನೀರು ಕುಡಿದಿದ್ದೇನೆ, ಅವಳ ಕೈಯ ರೊಟ್ಟಿ ತಿಂದಿದ್ದೇನೆ.

ಸೆರಗು ಬಿಗಿದುಕೊಂಡು ದೊಡ್ಡ ರಸ್ತೆಗೆ ಹೋದೆ. ಅಡ್ಡಲಾಗಿ ಬಿದಿರು ಕಟ್ಟಿದ ಕಡೆ ತಪಾಸಣೆಯ ಹೆಂಗಸರು ಮೇಜು ಹಾಕಿಕೊಂಡು ಕೂತಿರುತ್ತಿದ್ದರು. ಹೋದವರನ್ನೆಲ್ಲ ಕೇಳುವಂತೆ ನನ್ನನ್ನೂ ಮರಾಠಿಯಲ್ಲಿ ಕೇಳಿದರು, ಆಜಿ, ನಿಮ್ಮ ಗಲ್ಲಿಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯೇ ಎಂದು. ನಾನು ಖೋಲಿ ನಂಬರು ಹೇಳಿದೆ. ನನ್ನ ಹೆಸರು ಹೇಳಬೇಡಿ ಎಂದೂ ಹೇಳಿದೆ. ಬರುವಾಗ ಹಸಿಮೆಣಸಿನಕಾಯಿ ಕೊಂಡು ತಂದೆ.

ಮೂರನೇ ದಿನ ನಸುಕಿನಲ್ಲಿ ಎಚ್ಚರವಾದರೆ ಟಪ, ಟಪ, ಟಪ. ಭಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಎಣಿಸಿದೆ, ಐದೇ ಐದು. ರೋಗ ಬಂದವರು ರೊಟ್ಟಿ ಬಡಿಯುವುದಿಲ್ಲ. ಈಗಲೇ ಎದ್ದು ಹೋಗಿ, ನಾನು ಹೇಳಿದ್ದು ತಪ್ಪು, ಬರಬೇಡಿ ಎಂದು ಅವರಿಗೆ ಹೇಳಿಬರಬಹುದಿತ್ತು. ಮಂಡಿ ನೋವು ಎಂದು ನನಗೆ ನಾನೇ ಹೇಳಿಕೊಂಡು ಮಗ್ಗುಲಾದೆ.

ಬಿಸಿಲು ಬೀಳುವ ಹೊತ್ತಿಗೆ ಗಾಡಿ ಬಂತು. ಮೈತುಂಬ ಬಿಳಿ ಅಂಗಿ ಹಾಕಿದವರು ಮೂರು ಜನ ಇಳಿದರು. ಎರಡು ದಿನ ಒಲೆ ಹಚ್ಚದ ಮನೆಯವರು, ಅತ್ತು ಬಾತ ಮುಖ. ಬಂದವರೂ ರೋಗವೆಂದೇ ನಂಬಿದರು. ಸಿದ್ರಾಮ ಏನೋ ಹೇಳಲು ಹೋದ. ಅವನಿಗೆ ಮರಾಠಿ ಅಷ್ಟಾಗಿ ಬರದು, ಹೆದರಿದರೆ ಬರುವಷ್ಟೂ ಬರದು. ತಪಾಸಣೆ ಆಗಲಿ, ಏನೂ ಇಲ್ಲದಿದ್ದರೆ ಕಳಿಸುತ್ತೇವೆ ಎಂದು ಮೂವರನ್ನೂ ಗಾಡಿ ಹತ್ತಿಸಿದರು. ಗಲ್ಲಿಯವರೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ನಾನು ನನ್ನ ಹೊಸ್ತಿಲಲ್ಲಿ ನಿಂತಿದ್ದೆ.

ಭಾಗಮ್ಮ ಗಾಡಿಯ ಮೆಟ್ಟಿಲ ಮೇಲಿಂದ ಹಿಂದಿರುಗಿ ನನ್ನನ್ನೇ ಕರೆದಳು.

"ಆಯಿ, ನಮ್ಮವ್ವ ಹೋಗಿ ಇವತ್ತಿಗಿ ಮೂರು ದಿನ ಆತ್ರಿ. ಊರಾಗ ಮಣ್ಣು ಕೊಟ್ಟಾರ. ಹೋಗ್ಲಾಕ ಆಗ್ಲಿಲ್ಲ. ಎಡಿ ಮಾಡಿಟ್ಟೀನಿ, ತಾಟು ಒಲಿ ಬಾಜೂಕ ಅದ. ಹೊರಗ ಇಡ್ರಿ ಆಯಿ, ಕಾಗಿ ಮುಟ್ಟಲಿ. ನಮ್ಮವ್ವಗ ನನ್ನ ಬಿಟ್ರ ಯಾರೂ ಇಲ್ರಿ."

ಗಾಡಿಯ ಬಾಗಿಲು ಹಾಕಿದರು.

ನಮ್ಮ ಕಡೆ ಸಾವಾದ ಮನೆಯಲ್ಲಿ ಮೂರನೇ ದಿನದ ತನಕ ಒಲೆ ಹಚ್ಚುವುದಿಲ್ಲ. ಹೆಣ್ಣುಮಕ್ಕಳು ಕೂದಲು ಬಾಚುವುದಿಲ್ಲ. ಅಕ್ಕಪಕ್ಕದವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ ಉಣ್ಣಿಸುತ್ತಾರೆ. ಮೂರನೇ ದಿನ ಸತ್ತವರಿಗೆ ಎಡೆ ಇಟ್ಟು, ಕಾಗೆ ಮುಟ್ಟಿದ ಮೇಲೆ ಮನೆಯವರು ಊಟ ಮಾಡುತ್ತಾರೆ. ಇದು ನಮ್ಮ ಸಣ್ಣ ಮಕ್ಕಳಿಗೂ ಗೊತ್ತು. ನಾನೇ ಎಷ್ಟು ಮನೆಗೆ ಬುತ್ತಿ ಹೊತ್ತಿದ್ದೇನೋ ಲೆಕ್ಕವಿಲ್ಲ. ಒಲೆ ಆರಿದ್ದು, ಕೂದಲು ಬಿಚ್ಚಿದ್ದು, ಬಾಗಿಲು ಮುಚ್ಚಿದ್ದು, ಎಲ್ಲ ಎದುರಿಗೇ ಇತ್ತು. ನನಗೆ ಕಂಡದ್ದು ರೋಗ ಒಂದೇ. ಬುತ್ತಿ ಒಯ್ಯಬೇಕಾದವಳು ನಾನು, ಚಾಡಿ ಒಯ್ದೆ. ಅವಳು ಸಾವನ್ನು ಮುಚ್ಚಿಟ್ಟಿದ್ದೂ ನನ್ನಿಂದಲೇ. ನಳದ ಹತ್ತಿರ ನಾನು ಆಡಿದ ಮಾತನ್ನು ಅವಳು ಕೇಳಿದ್ದಳಲ್ಲ.

ಗಾಡಿ ಇನ್ನೂ ಹೊರಟಿರಲಿಲ್ಲ. ನನಗೆ ಮರಾಠಿ ಚೆನ್ನಾಗಿ ಬರುತ್ತದೆ. ಸಾಹೇಬ್ರೇ, ಇವರಿಗೆ ರೋಗ ಇಲ್ಲ, ಸೂತಕ ಇದೆ ಎಂದು ಒಂದು ಮಾತು ಹೇಳಿದ್ದರೆ ಕೇಳುತ್ತಿದ್ದರೋ ಇಲ್ಲವೋ. ನಾನು ಹೇಳಲೇ ಇಲ್ಲ. ಮಾತಾಡಿದರೆ, ನಿನ್ನೆ ಬಂದು ಹೇಳಿದ ಆಜಿ ನೀನೇ ಅಲ್ಲವೇ ಎನ್ನುತ್ತಾರೆ ಎಂದು ಸುಮ್ಮನಿದ್ದೆ. ಅವಳಿಗೆ ಕೇಳುವಂತೆ, "ಇಡ್ತೀನಿ ಹೋಗು" ಎಂದಷ್ಟೇ ಕೂಗಿದೆ.

ಇಡಲೂ ಇಲ್ಲ. ಅವಳ ಬಾಗಿಲು ದೂಡಿದೆ. ಒಂದು ಕಾಲು ಒಳಗಿಟ್ಟೆ. ಒಲೆಯ ಪಕ್ಕ ಒಂದು ತಾಟು, ಅದರ ಮೇಲೆ ಇನ್ನೊಂದು ತಾಟು ಮುಚ್ಚಿತ್ತು. ಐದು ಹೆಜ್ಜೆ. ಅಷ್ಟರಲ್ಲಿ ಹಾಳು ಯೋಚನೆ ಬಂತು. ಅವ್ವ ಸತ್ತದ್ದೇ ಈ ರೋಗದಿಂದ ಇದ್ದರೆ? ಅವ್ವ ಸತ್ತದ್ದು ನೂರಾರು ಮೈಲಿ ದೂರದಲ್ಲಿ, ಇವರು ಅವಳ ಮುಖ ನೋಡಿ ಆರು ತಿಂಗಳಾಗಿತ್ತು. ಹೆದರಿದವರಿಗೆ ಅಷ್ಟು ಲೆಕ್ಕ ಎಲ್ಲಿ ಹೊಳೆಯುತ್ತದೆ. ಕಾಲು ಹಿಂದೆ ತೆಗೆದುಕೊಂಡೆ. ಕಟ್ಟಿಗೆಯಿಂದ ಬಾಗಿಲು ಎಳೆದು, ನನ್ನ ಹೊಸ್ತಿಲಲ್ಲಿ ಬಂದು ಕೂತೆ.

ಅವಳ ತಗಡಿನ ಮೇಲೆ ಎರಡು ಕಾಗೆ ಬಂದು ಕೂತವು. ಗಾಡಿ ಓಡದ ಆ ದಿನಗಳಲ್ಲಿ ಹಕ್ಕಿಯ ದನಿ ಬಹಳ ದೊಡ್ಡದಾಗಿ ಕೇಳುತ್ತಿತ್ತು. ಒಂದೇ ಸಮ ಕೂಗಿದವು. ನಾನು ನೆಲ ನೋಡುತ್ತ ಕೂತೆ.

ಮಧ್ಯಾಹ್ನ ಔಷಧಿ ಹೊಡೆಯುವವರು ಬಂದರು. ಮನೆಯೆಲ್ಲ ಹೊಡೆದರು. ಒಬ್ಬ ಆ ತಾಟನ್ನು ಹೊರಗೆ ತಂದು, ಇದ್ದದ್ದನ್ನೆಲ್ಲ ಕಸದ ಚೀಲಕ್ಕೆ ಸುರಿದ. ನಾನು ಮುಖ ತಿರುವಿದೆ, ಏನು ಬಿತ್ತು ಎಂದು ನೋಡಲಿಲ್ಲ. ಅವರು ಹೋದ ಮೇಲೆ ತಾಟಿಗೆ ಮೂರು ಸಲ ಕುದಿಯುವ ನೀರು ಹಾಕಿ, ಬೂದಿ ಹಚ್ಚಿ ತಿಕ್ಕಿ, ನನ್ನ ಬಾಗಿಲ ಪಕ್ಕ ಬೋರಲು ಹಾಕಿದೆ.

ಭಾಗಮ್ಮನ ಮನೆಯವರಿಗೆ ಏನೂ ಇರಲಿಲ್ಲ. ಹದಿನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಭಾಗಮ್ಮ ಗಲ್ಲಿಗೆ ಬಂದವಳು ತನ್ನ ಬಾಗಿಲು ತೆಗೆಯಲಿಲ್ಲ, ನೇರ ನನ್ನ ಹೊಸ್ತಿಲಿಗೆ ಬಂದಳು. ಇಳಿದುಹೋಗಿದ್ದಳು. ಕೈಯಲ್ಲಿದ್ದ ಗಂಟನ್ನೂ ಕೆಳಗಿಟ್ಟಿರಲಿಲ್ಲ.

"ಆಯಿ, ಕಾಗಿ ಮುಟ್ಟಿತೇನ್ರಿ?"

"ಮುಟ್ಟಿತು. ಇಟ್ಟ ಕೂಡ್ಲೇ ಬಂತು" ಎಂದೆ. ಬೋರಲು ಹಾಕಿದ ತಾಟು ತೋರಿಸಿದೆ.

ಅವಳು ಅಲ್ಲೇ ಕುಸಿದು ಕೂತು, ನನ್ನ ಕಾಲು ಮುಟ್ಟಿದಳು. ಆಗಲೇ ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಮೊದಲ ಯಾವುದು ಮುಟ್ಟಿತ್ರಿ ಆಯಿ?" ಎಂದು ಕೇಳಿದಳು. ಕಾಗೆ ಮೊದಲು ಯಾವುದನ್ನು ಮುಟ್ಟುತ್ತದೋ ಅದರ ಮೇಲೆ ಸತ್ತವರಿಗೆ ಆಸೆ ಇತ್ತು ಎನ್ನುತ್ತಾರೆ.

ಎಡೆಯಲ್ಲಿ ಸಿಹಿ ಇಲ್ಲದೆ ಇರುತ್ತದೆಯೇ ಎಂದುಕೊಂಡೆ. ಅವಳಿಗೆ ಇನ್ನಷ್ಟು ಸಮಾಧಾನವಾಗಲಿ ಎಂದು, "ಹೋಳಿಗಿ. ಎತ್ತಿಕೊಂಡೇ ಹಾರಿ ಹೋತು" ಎಂದೆ.

ಭಾಗಮ್ಮ ನನ್ನ ಮುಖ ನೋಡಿದಳು.

"ಹೋಳಿಗಿ ಮಾಡಿದ್ದಿಲ್ರಿ ಆಯಿ" ಎಂದಳು. "ಬೆಲ್ಲ ಎಲ್ಲಿ ಸಿಕ್ತಿತ್ತು ಆಗ. ರೊಟ್ಟಿ, ಝುಣಕಾ ಅಷ್ಟೇ ಮಾಡಿದ್ದೆ."

ತಾಟು ಎತ್ತಿಕೊಂಡಳು. ಸೆರಗಿನಿಂದ ಒರೆಸಿದಳು, ಅದು ಒಣಗಿಯೇ ಇತ್ತು. ಒಳಗೆ ಹೋದಳು.

ಮರುದಿನ ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದು ಬಂತು. ನಾನು ಕಣ್ಣು ಬಿಟ್ಟುಕೊಂಡೇ ಮಲಗಿದ್ದೆ. ಕೂಗುತ್ತಾಳೇನೋ ಎಂದು ಕಾದೆ. ಕೂಗಲಿಲ್ಲ. ಬಿಸಿಲು ಬಂದ ಮೇಲೆ ಬಾಗಿಲು ತೆಗೆದರೆ ಎರಡು ರೊಟ್ಟಿ ಇದ್ದವು. ಆರಿದ್ದವು. ಪಕ್ಕದಲ್ಲಿ ನನ್ನ ಕೊಡ ತುಂಬಿತ್ತು.

ಆಮೇಲೆ ಮಗ, ಸೊಸೆ ಬಂದರು. ರೋಗವೂ ಹೋಯಿತು. ಭಾಗಮ್ಮ ಇಂದಿಗೂ ನನ್ನನ್ನು ಆಯಿ ಎಂದೇ ಕರೆಯುತ್ತಾಳೆ. ಮಂಡಿ ನೋವು ಹೆಚ್ಚಾದ ದಿನ ಕೊಡ ತುಂಬಿಸುತ್ತಾಳೆ. ಎಡೆಯ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಖೋಲಿ ನಂಬರು ಹೇಳಿದವಳು ನಾನೇ ಎಂಬುದು ಅವಳಿಗೆ ಗೊತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ನಳದ ಹತ್ತಿರ ಈಗ ಯಾರ ಜಗಳಕ್ಕೂ ನಾನು ಬಾಯಿ ಹಾಕುವುದಿಲ್ಲ. ಆಯಿಗೆ ವಯಸ್ಸಾಯಿತು, ಮೆತ್ತಗಾದಳು ಎನ್ನುತ್ತಾರೆ.

ಎದುರಿಗೆ ಹೇಳಿಬಿಡೋಣ ಎಂದು ಎಷ್ಟೋ ಸಲ ಅವಳ ಬಾಗಿಲ ತನಕ ಹೋಗಿ, ಉಪ್ಪು ಕೇಳಿ ತಂದಿದ್ದೇನೆ. ಕೊನೆಗೆ ಇಲ್ಲಿ ಬರೆದೆ. ಭಾಗಮ್ಮನಿಗೆ ಓದಲು ಬರುವುದಿಲ್ಲ. ಅವಳ ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ, ಕನ್ನಡ ಅಕ್ಷರ ಗೊತ್ತಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ. ನನ್ನ ಧೈರ್ಯ ಇಷ್ಟೇ.